ಕರುಳಿನ ಉರಿಯೂತಕ್ಕೆ ಜೈವಿಕ ಔಷಧಿ: ನಮ್ಮ ಮನೆಗಳು ತಿಳಿಯಬೇಕಾದ ಸಂಗತಿಗಳು

ಲಿಂಗಪೂಜೆಗೆ ಕುಳಿತವರು ನಡುವೆ ಏಳಬಾರದೆಂಬುದು ನಮ್ಮ ಮನೆಗಳಲ್ಲಿ ಹಿರಿಯರು ಪಾಲಿಸಿಕೊಂಡು ಬಂದ ನಿಯಮ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಹಿಪ್ಪುನೇರಳೆ ತೋಟವಿಟ್ಟು ರೇಷ್ಮೆಹುಳು ಸಾಕುವ ಶರಣ ಕುಟುಂಬವೊಂದರ ಇಪ್ಪತ್ತೆರಡರ ಹರೆಯದ ಮಗಳು ಪೂಜೆಗೆ ಕುಳಿತಲ್ಲಿಂದ ಮೂರು ಮೂರು ಬಾರಿ ಏಳತೊಡಗಿದಾಗ ಮನೆಯವರು ಮೊದಲು ಗದರಿದರು, ಆಮೇಲೆ ಗಾಬರಿಗೊಂಡರು. ಆಕೆಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ರಾತ್ರಿಯೂ ನಾಲ್ಕೈದು ಸಲ ಎದ್ದು ಹೋಗಬೇಕಾಗುತ್ತಿತ್ತು. ಈ ಮಾತನ್ನು ತಾಯಿಗೆ ಹೇಳಲು ಆಕೆ ಎರಡು ತಿಂಗಳು ತೆಗೆದುಕೊಂಡಳು. ತಂದೆಗೆ ಹೇಳಲು ತಾಯಿ ಮತ್ತೊಂದು ತಿಂಗಳು ತೆಗೆದುಕೊಂಡರು. ಹೆಣ್ಣು ನೋಡಲು ಬರುವವರಿದ್ದರು; ಇಂತಹ ಸುದ್ದಿ ಹೊರಗೆ ಬೀಳಬಾರದೆಂಬ ಅಂಜಿಕೆ.

ಆ ತಾಯಿ ಆಸ್ಪತ್ರೆಗೂ ಮುನ್ನ ಬಂದದ್ದು ನನ್ನ ಬಳಿಗೆ. "ಗುರುಗಳೇ, ಮಗುವಿಗೆ ರಕ್ತಭೇದಿ ನಿಲ್ಲುತ್ತಿಲ್ಲ, ಏನಾದರೂ ದಾರಿ ತೋರಿಸಿ" ಎಂದರು. ನಾನು ಮಠದಲ್ಲಿ ಕಲಿತದ್ದನ್ನು ನೆನೆದು, ಬಿಲ್ವದ ಕಾಯಿಯ ತಿರುಳು, ದಾಳಿಂಬೆ ಸಿಪ್ಪೆಯ ಕಷಾಯ, ಮಜ್ಜಿಗೆ ಇವುಗಳನ್ನು ಹೇಳಿ, ನಲವತ್ತೆಂಟು ದಿನ ವ್ರತ ಹಿಡಿಯಿರೆಂದು ಕಳಿಸಿದೆ. ಸಾಧಾರಣ ಭೇದಿಗೆ ಬಿಲ್ವದ ಕಾಯಿ ಹಿತವಾದೀತು. ಆದರೆ ಆಕೆಗಿದ್ದುದು ಸಾಧಾರಣ ಭೇದಿಯಲ್ಲ. ವ್ರತ ಮುಗಿಯಿತು, ಮತ್ತೊಂದು ವ್ರತ ಹಿಡಿದರು. ಎಂಟು ತಿಂಗಳು ಕಳೆಯುವಷ್ಟರಲ್ಲಿ ನಲವತ್ತೊಂಬತ್ತು ಕಿಲೋ ಇದ್ದ ಮಗು ಮೂವತ್ತಾರಕ್ಕೆ ಇಳಿದಿತ್ತು. ಆ ಎಂಟು ತಿಂಗಳಲ್ಲಿ ನನ್ನ ಪಾಲು ಇದೆ. ಹೆಸರು ಹೇಳದೆ ಬರೆಯಲು ಆ ಕುಟುಂಬ ಒಪ್ಪಿರುವುದರಿಂದ, ಬೇರೆ ಯಾವ ಮನೆಯೂ ಅಂತಹ ಎಂಟು ತಿಂಗಳನ್ನು ಕಳೆದುಕೊಳ್ಳದಿರಲೆಂದು, ವೈದ್ಯರಿಂದ ಕೇಳಿ ತಿಳಿದು ಈ ಲೇಖನವನ್ನು ಬರೆದಿದ್ದೇನೆ.

ರೋಗದ ಸ್ವರೂಪ

ನಮ್ಮ ದೇಹದಲ್ಲಿ ರೋಗಾಣುಗಳೊಡನೆ ಹೋರಾಡುವ ಕಾವಲು ಪಡೆಯೊಂದಿದೆ. ಅದಕ್ಕೆ ರೋಗನಿರೋಧಕ ಶಕ್ತಿ ಎನ್ನುತ್ತೇವೆ. ಕೆಲವರಲ್ಲಿ ಈ ಕಾವಲು ಪಡೆಯೇ ದಾರಿತಪ್ಪಿ ಸ್ವಂತ ಕರುಳಿನ ಮೇಲೆ ಬೀಳುತ್ತದೆ. ಕರುಳು ಕೆಂಪಾಗಿ, ಊದಿಕೊಂಡು, ಹುಣ್ಣಾಗಿ ರಕ್ತ ಸೋರುತ್ತದೆ. ಇದು ಮುಖ್ಯವಾಗಿ ಎರಡು ಬಗೆ. ದೊಡ್ಡ ಕರುಳಿನ ಒಳಪೊರೆಯಲ್ಲಿ ಮಾತ್ರ ಹುಣ್ಣಾಗುವುದು ಅಲ್ಸರೇಟಿವ್ ಕೊಲೈಟಿಸ್. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ, ಕರುಳಿನ ಗೋಡೆಯ ಆಳದವರೆಗೂ ಇಳಿಯುವುದು ಕ್ರೋನ್ಸ್ ಕಾಯಿಲೆ. ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1932ರಲ್ಲಿ ಇದನ್ನು ವರ್ಣಿಸಿದ್ದರಿಂದ ಈ ಹೆಸರು ಬಂದಿತು. ಕ್ರೋನ್ಸ್ ಕಾಯಿಲೆಯಲ್ಲಿ ಕರುಳು ಕಿರಿದಾಗಿ ಕಟ್ಟಿಕೊಳ್ಳುವುದೂ ಗುದದ ಬಳಿ ಕೀವಿನ ದಾರಿ ತೆರೆಯುವುದೂ ಉಂಟು.

ಇದು ಪಶ್ಚಿಮ ದೇಶದವರ ಕಾಯಿಲೆ, ರಾಗಿ ಮುದ್ದೆ ಉಣ್ಣುವವರಿಗೆ ಬಾರದು ಎಂಬ ನಂಬಿಕೆ ಬಹುಕಾಲ ಇತ್ತು. ಆದರೆ ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಕ್ಷ ಜನರಿಗೆ ಸುಮಾರು 44 ಮಂದಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ ಕಂಡುಬಂದಿತು. ಹದಿನೈದರಿಂದ ನಲವತ್ತರೊಳಗೆ, ಅಂದರೆ ಓದು, ಉದ್ಯೋಗ, ವಿವಾಹಗಳ ವಯಸ್ಸಿನಲ್ಲಿಯೇ ಇದು ಹೆಚ್ಚಾಗಿ ತಲೆದೋರುವುದು. ಇದು ಅಂಟುರೋಗವಲ್ಲ; ಯಾರ ಪಾಪದ ಫಲವೂ ಅಲ್ಲ. ನಾಲ್ಕು ವಾರ ಮೀರಿದ ಭೇದಿ, ಮಲದಲ್ಲಿ ರಕ್ತ, ನಿದ್ದೆಯಿಂದ ಎಬ್ಬಿಸುವ ಮಲಶಂಕೆ, ತೂಕದ ಇಳಿತ, ಸಂಜೆಯ ಜ್ವರ, ಮಕ್ಕಳಲ್ಲಿ ಬೆಳವಣಿಗೆ ನಿಲ್ಲುವುದು, ಇವು ಕಂಡರೆ ಮೂಲವ್ಯಾಧಿ, ಆಮಶಂಕೆ ಎಂದು ಅಂಗಡಿಯ ಮಾತ್ರೆ ನುಂಗುತ್ತ ಕೂರದೆ ತಜ್ಞರನ್ನು ಕಾಣಬೇಕು. ಕೊಲೊನೋಸ್ಕೋಪಿ ಎಂಬ ಪರೀಕ್ಷೆಯಿಂದ ಕರುಳಿನೊಳಗನ್ನು ನೋಡಿ, ಚೂರೊಂದನ್ನು ತೆಗೆದು ಪರೀಕ್ಷಿಸಿದರೆ ಮಾತ್ರ ನಿಜ ತಿಳಿಯುತ್ತದೆ. ನಾಚಿಕೆಯಿಂದ ಈ ಪರೀಕ್ಷೆಯನ್ನು ಮುಂದೂಡುವವರೇ ಹೆಚ್ಚು.

ಕ್ಷಯವೋ, ಕ್ರೋನ್ಸೋ?

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಅವಳಿ ಮಕ್ಕಳಂತೆ ಒಂದನ್ನೊಂದು ಹೋಲುತ್ತವೆ. ಅದೇ ಜ್ವರ, ಅದೇ ತೂಕದ ಇಳಿತ, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಎಡೆಯಲ್ಲಿ ಅದೇ ಬಗೆಯ ಹುಣ್ಣು. ಆದರೆ ಚಿಕಿತ್ಸೆ ಮಾತ್ರ ಒಂದಕ್ಕೊಂದು ವಿರುದ್ಧ. ಕ್ಷಯದಲ್ಲಿ ರೋಗಾಣುವನ್ನು ಕೊಲ್ಲಬೇಕು. ಕ್ರೋನ್ಸ್‌ನಲ್ಲಿ ಕಾವಲು ಪಡೆಯನ್ನು ತಣಿಸಬೇಕು. ಕ್ಷಯವಿದ್ದವರಲ್ಲಿ ಕಾವಲನ್ನು ತಣಿಸಿದರೆ ಕೋಟೆಯ ಬಾಗಿಲನ್ನು ಶತ್ರುವಿಗೆ ತೆರೆದಂತೆ. ಆದುದರಿಂದ ಸಂದೇಹವಿದ್ದಲ್ಲಿ ವೈದ್ಯರು ಕೆಲವೊಮ್ಮೆ ಎರಡು ಮೂರು ತಿಂಗಳು ಕ್ಷಯದ ಔಷಧಿ ಕೊಟ್ಟು, ಮತ್ತೆ ಕೊಲೊನೋಸ್ಕೋಪಿ ಮಾಡಿ, ಹುಣ್ಣು ಮಾಯುತ್ತಿದೆಯೇ ಎಂದು ನೋಡುತ್ತಾರೆ. ಶಿಡ್ಲಘಟ್ಟದ ಆ ಮಗುವಿಗೂ ಬೆಂಗಳೂರಿನಲ್ಲಿ ಹೀಗೆಯೇ ಮಾಡಿದರು. ಹುಣ್ಣು ಮಾಯಲಿಲ್ಲ, ಆಗ ಕ್ರೋನ್ಸ್ ಎಂದು ನಿರ್ಧಾರವಾಯಿತು. ಈ ಕಾಯುವಿಕೆಯನ್ನು ಕಂಡು "ಡಾಕ್ಟರಿಗೇ ಗೊತ್ತಿಲ್ಲ" ಎಂದು ಆಸ್ಪತ್ರೆ ಬದಲಿಸುವ ಕುಟುಂಬಗಳುಂಟು. ಅಲ್ಲಿ ತಾಳ್ಮೆಯೇ ಚಿಕಿತ್ಸೆಯ ಒಂದು ಭಾಗವೆಂದು ತಿಳಿಯಬೇಕು.

ಹಳೆಯ ಔಷಧಿಗಳು

ಜೈವಿಕ ಔಷಧಿಯೇ ಮೊದಲ ಮೆಟ್ಟಿಲಲ್ಲ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಸ್ 1940ರ ದಶಕದಲ್ಲಿ ಬಳಕೆಗೆ ತಂದ ಸಲ್ಫಸಲಜೀನ್, ಆ ಬಳಿಕ ಬಂದ ಮೆಸಲಮೀನ್ ಮಾತ್ರೆಗಳು ಸೌಮ್ಯ ಕೊಲೈಟಿಸ್ ಇರುವ ಬಹುಮಂದಿಗೆ ಇಂದಿಗೂ ಸಾಕಾಗುತ್ತವೆ. ರೋಗ ಉಲ್ಬಣಿಸಿದಾಗ ಸ್ಟೀರಾಯ್ಡ್ ಬೇಗನೆ ಉರಿಯನ್ನು ಆರಿಸುತ್ತದೆ. ಆದರೆ ಅದನ್ನು ತಿಂಗಳುಗಟ್ಟಲೆ ನುಂಗಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಅಜಥಯೋಪ್ರಿನ್ ಎಂಬ ಮಾತ್ರೆ ನಿಧಾನವಾಗಿ ಕೆಲಸ ಮಾಡುವಂಥದು. ರಕ್ತ ಪರೀಕ್ಷೆಯ ಮೇಲೆ ಕಣ್ಣಿಟ್ಟು ಕೊಡಬೇಕು. ಇವು ಯಾವುವೂ ಸಾಲದಾದಾಗ, ಅಥವಾ ಗುದದ ಕೀವಿನ ದಾರಿಗಳಂತಹ ತೀವ್ರ ತೊಂದರೆ ಮೊದಲೇ ಇದ್ದಾಗ, ಜೈವಿಕ ಔಷಧಿಯ ಮಾತು ಬರುತ್ತದೆ. ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಸರಿಯಾದ ದಾರಿ, ಅದು ಸೋಲಲ್ಲ.

ಜೈವಿಕ ಔಷಧಿ ಎಂದರೇನು?

ಸಾಮಾನ್ಯ ಮಾತ್ರೆಗಳು ರಾಸಾಯನಿಕ ವಿಧಾನದಿಂದ ತಯಾರಾದವು. ಜೈವಿಕ ಔಷಧಿಗಳು, ವೈದ್ಯರ ಮಾತಿನಲ್ಲಿ ಬಯಾಲಜಿಕ್‌ಗಳು, ಜೀವಕೋಶಗಳು ತಯಾರಿಸುವ ಪ್ರೋಟೀನುಗಳು. ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ಪ್ರೋಟೀನುಗಳಿವೆ. ಪ್ರತಿಯೊಂದೂ ಒಂದೇ ಗುರಿಯನ್ನು ಗುರುತಿಸಿ ಹಿಡಿಯುತ್ತದೆ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿದ್ಯೆಯನ್ನು ಕೇಂಬ್ರಿಜ್‌ನಲ್ಲಿ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಹ್ಲರ್ 1975ರಲ್ಲಿ ಕಂಡುಹಿಡಿದರು. 1984ರಲ್ಲಿ ಅದಕ್ಕೆ ನೊಬೆಲ್ ಪುರಸ್ಕಾರ ಸಂದಿತು. ಕರುಳಿನಲ್ಲಿ ಉರಿಯನ್ನು ಹೊತ್ತಿಸುವ ಸಂದೇಶವಾಹಕಗಳಲ್ಲಿ ಟಿಎನ್‌ಎಫ್ ಎಂಬುದು ಮುಖ್ಯವಾದದ್ದು. ಅದನ್ನೇ ಹಿಡಿದು ಕಟ್ಟಿಹಾಕುವ ಪ್ರತಿಕಾಯವೇ ಇನ್‌ಫ್ಲಿಕ್ಸಿಮ್ಯಾಬ್. ನ್ಯೂಯಾರ್ಕಿನ ಯಾನ್ ವಿಲ್ಚೆಕ್, ಜುನ್‌ಮಿಂಗ್ ಲೀ ಅವರ ಪ್ರಯೋಗಾಲಯದಲ್ಲಿ ಹುಟ್ಟಿದ ಈ ಔಷಧಿಗೆ 1998ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಕ್ರೋನ್ಸ್ ಕಾಯಿಲೆಗಾಗಿ ಅನುಮತಿ ದೊರೆಯಿತು. 2005ರಲ್ಲಿ ಅಲ್ಸರೇಟಿವ್ ಕೊಲೈಟಿಸ್‌ಗೂ ದೊರೆಯಿತು.

ಗುಣವೆಷ್ಟು? 1997ರಲ್ಲಿ ಪ್ರಕಟವಾದ, 108 ರೋಗಿಗಳ ಮೇಲಿನ ಪರೀಕ್ಷೆಯಲ್ಲಿ, ಕಿಲೋ ತೂಕಕ್ಕೆ 5 ಮಿ.ಗ್ರಾಂ. ಪ್ರಮಾಣದಲ್ಲಿ ಒಂದೇ ಬಾರಿ ಔಷಧಿ ಪಡೆದವರಲ್ಲಿ ನೂರಕ್ಕೆ 81 ಮಂದಿ ನಾಲ್ಕು ವಾರದಲ್ಲಿ ಸುಧಾರಿಸಿದರು. ಔಷಧಿಯಿಲ್ಲದ ದ್ರವ ಪಡೆದವರಲ್ಲಿ ನೂರಕ್ಕೆ 17 ಮಂದಿ ಮಾತ್ರ. ಆದರೆ ಇದು ಸಂಜೀವಿನಿಯಲ್ಲ. ಕೆಲವರಿಗೆ ಮೊದಲಿನಿಂದಲೇ ನಾಟುವುದಿಲ್ಲ. ನಾಟಿದವರಲ್ಲಿ ಕೆಲವರಿಗೆ ಕಾಲಕ್ರಮದಲ್ಲಿ ಗುಣ ಕುಂದುತ್ತದೆ. ರೋಗವನ್ನು ಬೇರು ಸಹಿತ ಕೀಳುವುದಿಲ್ಲ, ಅಂಕೆಯಲ್ಲಿಡುತ್ತದೆ. ಇನ್‌ಫ್ಲಿಕ್ಸಿಮ್ಯಾಬನ್ನು ಸುಮಾರು ಎರಡು ಗಂಟೆ ಕಾಲ ರಕ್ತನಾಳಕ್ಕೆ ಡ್ರಿಪ್ ಮೂಲಕ ಕೊಡುತ್ತಾರೆ: ಮೊದಲ ದಿನ, ಎರಡನೆಯ ವಾರ, ಆರನೆಯ ವಾರ, ಆ ಬಳಿಕ ಎಂಟು ವಾರಕ್ಕೊಮ್ಮೆ. ಮೊದಲ ವರ್ಷದಲ್ಲಿ ಎಂಟು ಬಾರಿ ಆಗುತ್ತದೆ. ಅಡಾಲಿಮುಮ್ಯಾಬ್ ಎಂಬುದನ್ನು ಎರಡು ವಾರಕ್ಕೊಮ್ಮೆ ಚರ್ಮದಡಿ ಚುಚ್ಚಬೇಕು. ಕಲಿತರೆ ಮನೆಯಲ್ಲಿಯೇ ತಾವೇ ಚುಚ್ಚಿಕೊಳ್ಳಬಹುದು. 2014ರಲ್ಲಿ ಬಂದ ವೆಡೋಲಿಜುಮ್ಯಾಬ್ ಹೆಚ್ಚಾಗಿ ಕರುಳಿನ ಮಟ್ಟದಲ್ಲಿಯೇ ಕೆಲಸ ಮಾಡುವಂಥದು. ಉಸ್ಟೆಕಿನುಮ್ಯಾಬ್ 2016ರಲ್ಲಿ ಕ್ರೋನ್ಸ್‌ಗೆ, 2019ರಲ್ಲಿ ಕೊಲೈಟಿಸ್‌ಗೆ ಒಪ್ಪಿಗೆ ಪಡೆಯಿತು.

ಇಲಿಯ ಪ್ರಶ್ನೆ

ಆ ಮನೆಯ ಅಜ್ಜಿಗೆ ಯಾರೋ "ಇದು ಇಲಿಯಿಂದ ಮಾಡಿದ ಔಷಧಿ" ಎಂದು ಹೇಳಿದರು. ಅಜ್ಜಿ ಮೊಮ್ಮಗಳ ಲಿಂಗಕ್ಕೆ ಕೈಮುಗಿದು, "ಸತ್ತರೂ ಸರಿ, ಇದು ಬೇಡ" ಎಂದರು. ಈ ಪ್ರಶ್ನೆಯನ್ನು ನಗೆಯಾಡುವುದು ಸಲ್ಲದು. ಶುದ್ಧ ಸಸ್ಯಾಹಾರವನ್ನು ಧರ್ಮವೆಂದು ಬಾಳಿದವರ ಪ್ರಾಮಾಣಿಕ ಪ್ರಶ್ನೆ ಅದು.

ನಿಜಾಂಶ ಹೀಗಿದೆ. ಇನ್‌ಫ್ಲಿಕ್ಸಿಮ್ಯಾಬ್ ಎಂಬ ಪ್ರೋಟೀನಿನ ರಚನೆಯಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಇಲಿಯ ಪ್ರತಿಕಾಯವನ್ನು ಹೋಲುತ್ತದೆ, ಉಳಿದ ಮುಕ್ಕಾಲು ಮಾನವನದು. ಅದನ್ನು ಇಲಿ ಮೂಲದ ಜೀವಕೋಶಗಳಲ್ಲಿ ತಯಾರಿಸುತ್ತಾರೆ. ಅಡಾಲಿಮುಮ್ಯಾಬಿನ ರಚನೆ ಪೂರ್ಣವಾಗಿ ಮಾನವನದು; ತಯಾರಾಗುವುದು ಮಾತ್ರ ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿಯ ಅಂಡಾಶಯ ಮೂಲದ ಕೋಶಗಳಲ್ಲಿ. ಆ ಕೋಶಸಂತತಿಯನ್ನು 1957ರಲ್ಲಿ ಅಮೆರಿಕದ ಥಿಯೋಡರ್ ಪಕ್ ಎಂಬ ವಿಜ್ಞಾನಿ ಬೇರ್ಪಡಿಸಿ ಬೆಳೆಸಿದರು. ಅಂದಿನಿಂದ ಆ ಸಂತತಿ ಗಾಜಿನ ಪಾತ್ರೆಗಳಲ್ಲಿ, ಉಕ್ಕಿನ ಕೊಳಗಗಳಲ್ಲಿ ತಾನೇ ಇಬ್ಭಾಗವಾಗುತ್ತ ಬೆಳೆಯುತ್ತಿದೆ; ಮನೆಯಲ್ಲಿ ಹೆಪ್ಪು ಉಳಿಸಿಕೊಂಡು ದಿನವೂ ಮೊಸರು ಮಾಡುವ ಹಾಗೆ. ನಾವು ಪಡೆಯುವ ಪ್ರತಿಯೊಂದು ಚುಚ್ಚುಮದ್ದಿಗೂ ಒಂದು ಪ್ರಾಣಿಯನ್ನು ಕೊಲ್ಲುವುದಿಲ್ಲ. ಔಷಧಿಯನ್ನು ಶುದ್ಧೀಕರಿಸಿ ಪ್ರೋಟೀನನ್ನು ಮಾತ್ರ ಬೇರ್ಪಡಿಸುತ್ತಾರೆ. ಆದರೂ ಔಷಧಿಯ ಸಂಶೋಧನೆಯಲ್ಲಿ ಪ್ರಾಣಿಗಳ ಬಳಕೆ ಆಗಿದೆ ಎಂಬುದನ್ನು ಮರೆಮಾಚಬೇಕಿಲ್ಲ. ಇಂದಿನ ಬಹುತೇಕ ಔಷಧಿಗಳ ಕಥೆಯೂ ಅದೇ.

ನಾನು ಇದನ್ನು ಅಜ್ಜಿಗೆ ವಿವರಿಸುತ್ತಿರುವಾಗ ಮಗುವಿನ ತಂದೆ ಒಂದು ಮಾತು ಹೇಳಿದರು. "ಅಮ್ಮಾ, ನಾವು ಹುಳು ಸಾಕಿ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ ಬದುಕುವವರು. ಆ ಗೂಡಿನೊಳಗಿನ ಹುಳು ಏನಾಗುತ್ತದೆಂದು ನಿನಗೂ ಗೊತ್ತು. ಮಗುವಿನ ಜೀವದ ಹತ್ತಿರ ಬಂದಾಗ ಮಾತ್ರ ಈ ಲೆಕ್ಕ ಯಾಕೆ?" ಅಜ್ಜಿ ಉತ್ತರಿಸಲಿಲ್ಲ. ಮರುದಿನ ತಾವೇ ಮೊಮ್ಮಗಳಿಗೆ ವಿಭೂತಿ ಹಚ್ಚಿ ಬಸ್ಸು ಹತ್ತಿಸಿದರು. ನಮ್ಮ ಶಾಸ್ತ್ರಜ್ಞಾನಕ್ಕೆ ಹೊಳೆಯದ ಉತ್ತರ ಕಾಯಕಜೀವಿಯ ಬಾಯಲ್ಲಿ ಬಂದಿತ್ತು.

ಮೊದಲು ಆಗಬೇಕಾದ ಪರೀಕ್ಷೆಗಳು

ಟಿಎನ್‌ಎಫ್ ಎಂಬುದು ಕರುಳನ್ನು ಸುಡುವುದಷ್ಟೇ ಅಲ್ಲ, ಶ್ವಾಸಕೋಶದ ಮೂಲೆಯಲ್ಲಿ ಮಲಗಿರುವ ಕ್ಷಯದ ರೋಗಾಣುವನ್ನು ಬಂಧಿಸಿಡುವ ಕೆಲಸವನ್ನೂ ಮಾಡುತ್ತದೆ. ಅದನ್ನು ಕಟ್ಟಿಹಾಕಿದರೆ ಬಂಧಿ ಹೊರಬರಬಹುದು. ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ 70 ಮಂದಿಗೆ ಕ್ಷಯ ಕಾಣಿಸಿಕೊಂಡ ವರದಿ 2001ರಲ್ಲಿ ಅಮೆರಿಕದಿಂದ ಬಂದಾಗ ವೈದ್ಯಲೋಕ ಎಚ್ಚೆತ್ತಿತು. ಆದುದರಿಂದ ಚಿಕಿತ್ಸೆಗೆ ಮುನ್ನ ಎದೆಯ ಎಕ್ಸ್‌ರೇ, ಮಾಂಟೂ ಚರ್ಮಪರೀಕ್ಷೆ ಅಥವಾ ಅದಕ್ಕೆ ಸಮನಾದ ರಕ್ತಪರೀಕ್ಷೆ, ಹೆಪಟೈಟಿಸ್ ಬಿ, ಎಚ್‌ಐವಿ ಪರೀಕ್ಷೆಗಳು ಆಗಲೇಬೇಕು. ಸುಪ್ತ ಕ್ಷಯವಿದ್ದರೆ ಅದಕ್ಕೆ ಮೊದಲು ಔಷಧಿ ಆರಂಭಿಸಿ, ಕೆಲವು ವಾರ ಕಳೆದ ಮೇಲೆ ಜೈವಿಕ ಔಷಧಿ ಕೊಡುತ್ತಾರೆ. ಮನೆಯಲ್ಲಿ ಯಾರಿಗಾದರೂ ಹಿಂದೆ ಕ್ಷಯವಾಗಿದ್ದರೆ ಮರ್ಯಾದೆಗೆ ಅಂಜಿ ಅದನ್ನು ಮುಚ್ಚಿಡಬಾರದು. ಪರೀಕ್ಷೆ ಸರಿಯಾಗಿದ್ದರೂ ಮುಂದೆ ಬಿಡದ ಕೆಮ್ಮು, ಸಂಜೆಯ ಜ್ವರ ಬಂದರೆ ಕೂಡಲೇ ತಿಳಿಸಬೇಕು. ಹೃದಯದ ದೌರ್ಬಲ್ಯ ಇರುವವರು, ಹಿಂದೆ ಕ್ಯಾನ್ಸರ್ ಆಗಿದ್ದವರು ಅದನ್ನೂ ಹೇಳಬೇಕು. ಹೈನುಗಾರಿಕೆಯ ಮನೆಗಳವರು ಹಾಲನ್ನು ಕಾಯಿಸದೆ ಕುಡಿಯುವ ಅಭ್ಯಾಸವನ್ನು ಬಿಡಬೇಕು.

ತಪ್ಪಿದ ಒಂದು ಸರದಿ

ನಾಲ್ಕನೆಯ ಡ್ರಿಪ್ಪಿನ ಹೊತ್ತಿಗೆ ಆ ಮಗು ಗೆಲುವಾಗಿದ್ದಳು. ತೂಕ ನಲವತ್ನಾಲ್ಕಕ್ಕೆ ಏರಿತ್ತು. ಗೂಡಿನ ಬೆಲೆ ಬಿದ್ದಿತ್ತು, ಕೈಯಲ್ಲಿ ಹಣವಿರಲಿಲ್ಲ. "ಈಗ ಚೆನ್ನಾಗಿದ್ದಾಳಲ್ಲ" ಎಂದು ಐದನೆಯದನ್ನು ನಾಲ್ಕು ತಿಂಗಳು ಮುಂದೂಡಿದರು. ರಕ್ತ ಮರಳಿ ಬಂತು. ಓಡಿಹೋಗಿ ಮತ್ತೆ ಡ್ರಿಪ್ ಹಾಕಿಸಿದಾಗ ಮೈಯೆಲ್ಲ ದದ್ದು, ಉಸಿರಿನ ತೊಂದರೆ. ಔಷಧಿಯನ್ನು ನಡುವೆ ಬಿಟ್ಟು ಮತ್ತೆ ಹಿಡಿದಾಗ ದೇಹ ಅದನ್ನೇ ಶತ್ರುವೆಂದು ಬಗೆದು ಅದರ ವಿರುದ್ಧ ಪ್ರತಿಕಾಯ ಕಟ್ಟುವುದುಂಟು. ವೈದ್ಯರು ಅವಳನ್ನು ಉಳಿಸಿ, ಅಡಾಲಿಮುಮ್ಯಾಬಿಗೆ ಬದಲಿಸಿದರು. ಆದ್ದರಿಂದ ಈ ಮಾತನ್ನು ಗಟ್ಟಿಯಾಗಿ ಹಿಡಿಯಬೇಕು: ಆರಂಭಿಸುವ ಮುನ್ನವೇ ಇಡೀ ವರ್ಷದ ಖರ್ಚನ್ನು ಲೆಕ್ಕ ಹಾಕಿ, ಹಣ ಸಾಲದೆ ಬಂದರೆ ಸರದಿ ತಪ್ಪಿಸುವ ಮುನ್ನ ವೈದ್ಯರಿಗೆ ಹೇಳಿ. ಬೇರೆ ದಾರಿ ಹುಡುಕಲು ಅವರಿಗೆ ಅವಕಾಶವಿರುತ್ತದೆ.

ಬೆಲೆ ಮತ್ತು ದಾರಿ

ಔಷಧಿ ದುಬಾರಿ. 50 ಕಿಲೋ ತೂಕದವರಿಗೆ ಒಂದು ಬಾರಿಗೆ 250 ಮಿ.ಗ್ರಾಂ. ಇನ್‌ಫ್ಲಿಕ್ಸಿಮ್ಯಾಬ್ ಬೇಕು, ಖರ್ಚು ಹತ್ತಾರು ಸಾವಿರ ರೂಪಾಯಿ. ಆದರೆ ಮೂಲ ಔಷಧಿಯನ್ನು ಹೋಲುವ ಬಯೋಸಿಮಿಲರ್‌ಗಳು ಬಂದ ಮೇಲೆ ಬೆಲೆ ಇಳಿದಿದೆ. ಅಹಮದಾಬಾದಿನ ಜೈಡಸ್ ಸಂಸ್ಥೆ 2014ರ ಡಿಸೆಂಬರಿನಲ್ಲಿ ಅಡಾಲಿಮುಮ್ಯಾಬಿನ ಬಯೋಸಿಮಿಲರನ್ನು ಮೂಲದ ಬೆಲೆಗಿಂತ ಬಹಳ ಅಗ್ಗವಾಗಿ ಭಾರತದಲ್ಲಿ ಬಿಡುಗಡೆ ಮಾಡಿತು. 1978ರಲ್ಲಿ ಕಿರಣ್ ಮಜುಂದಾರ್ ಶಾ ಬೆಂಗಳೂರಿನಲ್ಲಿ ಆರಂಭಿಸಿದ ಬಯೋಕಾನ್ ಬಳಗ ತಯಾರಿಸಿದ ಉಸ್ಟೆಕಿನುಮ್ಯಾಬ್ ಬಯೋಸಿಮಿಲರಿಗೆ 2024ರ ಕೊನೆಯಲ್ಲಿ ಅಮೆರಿಕದ ಅನುಮತಿ ದೊರೆಯಿತು. ಅಗ್ಗದ್ದು ಕೀಳೆಂಬ ಭಯ ಬೇಡ: ನಾರ್ವೆಯಲ್ಲಿ ಮೂಲ ಇನ್‌ಫ್ಲಿಕ್ಸಿಮ್ಯಾಬಿನಿಂದ ಬಯೋಸಿಮಿಲರಿಗೆ ಬದಲಿಸಿ ನಡೆಸಿ 2017ರಲ್ಲಿ ಪ್ರಕಟಿಸಿದ, 482 ರೋಗಿಗಳ ಪರೀಕ್ಷೆಯಲ್ಲಿ ಒಟ್ಟಾರೆ ಫಲಿತಾಂಶ ಮೂಲಕ್ಕಿಂತ ಹಿಂದೆ ಬೀಳಲಿಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದ ಬೆಂಗಳೂರು ಹೆಚ್ಚೆಂದರೆ ಎರಡು ಎರಡೂವರೆ ಗಂಟೆಯ ದಾರಿ. ಆದರೆ ಗಂಟೆಗೊಮ್ಮೆ ಮಲಶಂಕೆಯಾಗುವವರಿಗೆ ಅದು ಕಾಶಿಯಾತ್ರೆಗಿಂತ ದೂರ. ಗೌರಿಬಿದನೂರಿನವರು ರೈಲಿನಲ್ಲಿ ಹೋಗುವುದು ಲೇಸು, ಶೌಚಾಲಯವಿರುತ್ತದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ ಮತ್ತು ಕರುಳಿನ ಕಾಯಿಲೆಗಳಿಗಾಗಿಯೇ ಸರ್ಕಾರದ ಸಂಸ್ಥೆಯಿದೆ. ಚಿಕ್ಕಬಳ್ಳಾಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಮೊದಲ ತಪಾಸಣೆ ಮಾಡಿಸಿ ಅಲ್ಲಿಂದ ಪತ್ರ ಪಡೆದು ಹೋಗಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ತಮ್ಮ ಚಿಕಿತ್ಸೆಗೆ ಎಷ್ಟು ನೆರವು ಸಿಗುವುದೆಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿರಿ. ಚುಚ್ಚುಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಆದರೆ ಹೆಪ್ಪುಗಟ್ಟಿಸಬಾರದು. ಕರೆಂಟು ಹೋಗುವ ಹಳ್ಳಿಗಳಲ್ಲಿ ಐಸ್ ಡಬ್ಬಿಯೊಂದು ಸಿದ್ಧವಿರಲಿ.

ವಿವಾಹ, ಸಂತಾನ

ಈ ರೋಗವಿದ್ದವರು ಮದುವೆಯಾಗಬಾರದೆಂಬುದು ತಪ್ಪು. ರೋಗ ಶಾಂತವಾಗಿರುವಾಗ ಗರ್ಭ ಧರಿಸುವುದು ಕ್ಷೇಮ. ಟಿಎನ್‌ಎಫ್ ತಡೆಯುವ ಔಷಧಿಗಳನ್ನು ಗರ್ಭಿಣಿಯರಲ್ಲಿ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ತಾವಾಗಿ ನಿಲ್ಲಿಸಿ ರೋಗ ಕೆರಳಿಸಿಕೊಂಡರೆ ತಾಯಿಗೂ ಕೂಸಿಗೂ ಅಪಾಯ ಹೆಚ್ಚು. ಆದರೆ ಒಂದು ಎಚ್ಚರಿಕೆಯನ್ನು ಪ್ರತಿಯೊಬ್ಬ ಅಜ್ಜಿಯೂ ನೆನಪಿಡಬೇಕು. ಈ ಔಷಧಿ ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ದಾಟಿ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮಲ್ಲಿ ಹುಟ್ಟಿದೊಡನೆ ಹಾಕುವ ಬಿಸಿಜಿ ಜೀವಂತ ಲಸಿಕೆ. ಇನ್‌ಫ್ಲಿಕ್ಸಿಮ್ಯಾಬ್ ಪಡೆದ ತಾಯಿಯ ಕೂಸೊಂದು ಬಿಸಿಜಿ ಹಾಕಿಸಿದ ಬಳಿಕ ತೀರಿಕೊಂಡ ಪ್ರಕರಣ 2010ರಲ್ಲಿ ವರದಿಯಾಗಿದೆ. ಹೆರಿಗೆಯ ಆಸ್ಪತ್ರೆಗೆ ಹೋದೊಡನೆ ಔಷಧಿಯ ವಿಷಯ ತಿಳಿಸಿ, ಬಿಸಿಜಿಯನ್ನು ಕನಿಷ್ಠ ಆರು ತಿಂಗಳು ಮುಂದೂಡಬೇಕು. ಬಾಯಿಗೆ ಹಾಕುವ ಲಸಿಕೆಗಳ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಬೇಕು. ಬೀಗರಿಂದ ರೋಗವನ್ನು ಮುಚ್ಚಿಟ್ಟ ಮನೆಯಲ್ಲಿ ಈ ಮಾತನ್ನು ಹೇಳುವವರಾರು? ಸತ್ಯವನ್ನು ಮೊದಲೇ ಹೇಳಿ ಸಂಬಂಧ ಬೆಳೆಸುವುದೇ ಎರಡೂ ಮನೆಗಳಿಗೆ ಕ್ಷೇಮ.

ಶರಣಮಾರ್ಗದಲ್ಲಿ ವೈದ್ಯ

ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ಶರಣನಿದ್ದ. ವೈದ್ಯವೃತ್ತಿಯೇ ಆತನ ಕಾಯಕ. ವೈದ್ಯದ ಮಾತುಗಳಲ್ಲಿಯೇ ಆತ ಅನುಭಾವವನ್ನು ಹೇಳಿದ. ರೋಗವನ್ನರಿಯುವುದೂ ಒಂದು ಕಾಯಕವೆಂದು ಅಂದೇ ಒಪ್ಪಿದ ಪರಂಪರೆ ನಮ್ಮದು. ಸಿದ್ಧಗಂಗೆಯ ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 2018ರ ಡಿಸೆಂಬರಿನಲ್ಲಿ, ತಮ್ಮ 111ನೆಯ ವಯಸ್ಸಿನಲ್ಲಿ, ಚೆನ್ನೈನ ಆಸ್ಪತ್ರೆಯಲ್ಲಿ ಪಿತ್ತನಾಳದ ಶಸ್ತ್ರಚಿಕಿತ್ಸೆಯನ್ನು ಸ್ವೀಕರಿಸಿದರು. ನಿತ್ಯ ಪೂಜೆಯನ್ನು ಬಿಡದ ಆ ಮಹಾತ್ಮರಿಗೆ ಆಸ್ಪತ್ರೆಯ ಹಾಸಿಗೆ ಧರ್ಮಕ್ಕೆ ಅಡ್ಡಿಯೆನಿಸಲಿಲ್ಲ. ನಮಗೇಕೆ ಅನಿಸಬೇಕು?

ದಾಸೋಹವೆಂದರೆ ಅನ್ನ ಮಾತ್ರವಲ್ಲ. ಒಂದು ಊರಿನಲ್ಲಿ ಇಂತಹ ಒಬ್ಬ ರೋಗಿಯಿದ್ದರೆ, ಎಂಟು ವಾರಕ್ಕೊಮ್ಮೆ ಅವರನ್ನು ಬೆಂಗಳೂರಿಗೆ ಕರೆದೊಯ್ಯುವುದು, ಸರದಿ ತಪ್ಪದಂತೆ ಹತ್ತು ಮನೆಗಳು ಸೇರಿ ಹಣ ಹೊಂದಿಸುವುದು, ಜಾತ್ರೆ ಉತ್ಸವಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯದ ವ್ಯವಸ್ಥೆ ಮಾಡುವುದು, ಇವೂ ದಾಸೋಹವೇ. ವ್ರತ, ಕಷಾಯಗಳನ್ನು ಹೇಳುವ ನನ್ನಂತಹವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ತಾಯೀ, ರಕ್ತ ಹೋಗುತ್ತಿದೆಯೇ? ಎಷ್ಟು ದಿನದಿಂದ?" ನಾಲ್ಕು ವಾರ ಮೀರಿದ್ದರೆ ಆಸ್ಪತ್ರೆಯ ದಾರಿ ತೋರಿಸುವುದೇ ನಮ್ಮ ಗುರುಧರ್ಮ.

ಆ ಮಗು ಈಗ ಎರಡು ವಾರಕ್ಕೊಮ್ಮೆ ತಾನೇ ಚುಚ್ಚುಮದ್ದು ಹಾಕಿಕೊಳ್ಳುತ್ತಾಳೆ. ನಾಲ್ಕು ವರ್ಷವಾಯಿತು, ತೂಕ ಐವತ್ತೊಂದು. ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಕಳೆದ ಶ್ರಾವಣದಲ್ಲಿ ಅವರ ಮನೆಗೆ ಹೋಗಿದ್ದೆ. ಆಕೆ ಪೂಜೆಗೆ ಕುಳಿತಿದ್ದಳು. ಹೊರಗೆ ಜಗಲಿಯ ಮೇಲೆ ಅಜ್ಜಿಯೂ ನಾನೂ ಮಾತಿಲ್ಲದೆ ಕಾದೆವು. ಆಕೆ ಪೂಜೆ ಮುಗಿಸಿಯೇ ಎದ್ದು ಬಂದಳು.